ಲೆನಾಕ್ಸ್ ಲೂಯಿಸ್: ಮೊದಲ ಐವರಲ್ಲೋ, ಹತ್ತರ ತುದಿಯಲ್ಲೋ?

ಎಡಗೈ ಜ್ಯಾಬ್ (ಪ್ರಶ್ನೆ; ಇದೂ ಮುಂದಿನ ತಲೆಬರಹಗಳೂ ಬರೆದವರ ಅಡ್ಡಹೆಸರು)

ಬಾಕ್ಸಿಂಗ್‌ನ ಹೆವಿವೇಟ್ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಮಾಡ್ತಾ ಇದ್ದೀನಿ. ಮೇಲಿನ ಎರಡು ಸ್ಥಾನಕ್ಕೆ ತಕರಾರಿಲ್ಲ: ಅಲಿ, ಜೋ ಲೂಯಿ. ಮೂರನೆಯದಕ್ಕೆ ಲ್ಯಾರಿ ಹೋಮ್ಸ್. ಅಲ್ಲಿಂದ ಕೆಳಗೆ ಸಿಕ್ಕಿಹಾಕಿಕೊಂಡಿರೋದು ಲೆನಾಕ್ಸ್ ಹತ್ತಿರ. (ಜೋ ಲೂಯಿ ಜೊತೆ ಗೊಂದಲ ಬೇಡ ಅಂತ ಇನ್ನು ಮುಂದೆ ಲೆನಾಕ್ಸ್ ಅಂತಲೇ ಬರೀತೀನಿ.)

ದಾಖಲೆ 41 ಗೆಲುವು, 2 ಸೋಲು, 1 ಡ್ರಾ. ಗೆಲುವಿನಲ್ಲಿ 32 ನಾಕೌಟ್. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಎರಡು ಸೋಲೂ ನಾಕೌಟ್, ಅದೂ ಯಾರೂ ನಿರೀಕ್ಷಿಸದವರ ಕೈಲಿ. ಇವಾಂಡರ್ ಹೋಲಿಫೀಲ್ಡ್ ಸಿಕ್ಕಾಗ ಅವನಿಗೆ 36 ವರ್ಷ, ಟೈಸನ್ ಸಿಕ್ಕಾಗ ಟೈಸನ್ ಮುಗಿದೇ ಹೋಗಿದ್ದ. ಕೊನೆಯ ಪಂದ್ಯದಲ್ಲಿ ವಿಟಾಲಿ ಕ್ಲಿಚ್ಕೊ ಮುಂದಿದ್ದಾಗ ಡಾಕ್ಟರ್ ನಿಲ್ಲಿಸಿದರು. ಸದ್ಯಕ್ಕೆ 9ರಲ್ಲಿ ಇಟ್ಟಿದ್ದೀನಿ. ತಪ್ಪಾಗಿದ್ದರೆ ಎಲ್ಲಿ ತಪ್ಪಿದೆ ಹೇಳಿ.

ಹನ್ನೆರಡನೇ ಸುತ್ತು

ತಪ್ಪಿರೋದು ಸೋಲನ್ನು ಎಣಿಸಿದ ರೀತಿಯಲ್ಲಿ. ಸೋಲು ಎಷ್ಟು ಅನ್ನೋದಕ್ಕಿಂತ ಯಾಕೆ ಸೋತ, ಆಮೇಲೆ ಏನು ಬದಲಾಯ್ತು ಅನ್ನೋದನ್ನ ನೋಡಬೇಕು.

ಮೊದಲ ಸೋಲು 1994ರ ಸೆಪ್ಟೆಂಬರ್, ಲಂಡನ್ನಿನ ವೆಂಬ್ಲಿ, ಎದುರಾಳಿ ಆಲಿವರ್ ಮೆಕಾಲ್. ಅಲ್ಲಿವರೆಗೆ ಲೆನಾಕ್ಸ್ ಬಲಗೈಯನ್ನೇ ನೆಚ್ಚಿಕೊಂಡ ಆಟಗಾರ. ದೂರದಿಂದ ಬಲಗೈ ಬೀಸುವಾಗ ಎಡಗೈ ಗದ್ದ ಬಿಟ್ಟು ಕೆಳಗೆ ಬರುತ್ತಿತ್ತು, ಭಾರವೆಲ್ಲ ಮುಂಗಾಲಿಗೆ ಬೀಳುತ್ತಿತ್ತು. ಎರಡನೇ ಸುತ್ತಿನ ಶುರುವಿನಲ್ಲೇ ಇಬ್ಬರೂ ಒಟ್ಟಿಗೆ ಬಲಗೈ ಬಿಟ್ಟರು, ಮೆಕಾಲ್‌ದು ಮೊದಲು ತಲುಪಿತು. ಎದ್ದು ನಿಂತ, ಆದರೆ ಕಾಲು ತಡವರಿಸುತ್ತಿತ್ತು, ರೆಫರಿ ನಿಲ್ಲಿಸಿದ. ಅವತ್ತು ಮೆಕಾಲ್ ಮೂಲೆಯಲ್ಲಿ ಕೂತಿದ್ದವರು ತರಬೇತುದಾರ ಇಮ್ಯಾನುಯೆಲ್ ಸ್ಟುವರ್ಡ್. ಲೆನಾಕ್ಸ್ ಮಾಡಿದ್ದೇನು? ಆ ಬಲೆ ಹೆಣೆದವರನ್ನೇ ತನ್ನ ತರಬೇತುದಾರರನ್ನಾಗಿ ಕರೆತಂದ. ಆಮೇಲಿನ ಲೆನಾಕ್ಸ್ ಬೇರೆಯೇ ಆಟಗಾರ: ಮೊದಲು ಜ್ಯಾಬ್ (ಎಡಗೈಯ ನೇರ ಚುಟುಕು ಏಟು), ಅದರ ಹಿಂದೆ ಬಲಗೈ, ಎದುರಾಳಿ ಒಳಗೆ ನುಗ್ಗಿದರೆ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಬರುವ ಏಟು), ಇಲ್ಲವೇ ಮೇಲೆ ಒರಗಿ ಭಾರ ಹೊರಿಸೋದು.

ಎರಡನೇ ಸೋಲು 2001ರ ಏಪ್ರಿಲ್, ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್, ಎದುರಾಳಿ ಹಸೀಮ್ ರೆಹಮಾನ್. ಇದು ಶುದ್ಧ ಉಡಾಫೆ. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದ ಜಾಗ. ರೆಹಮಾನ್ ವಾರಗಳ ಮೊದಲೇ ಹೋಗಿ ಉಸಿರು ಹೊಂದಿಸಿಕೊಂಡ, ಇವನು ತಡವಾಗಿ ಹೋದ, 253½ ಪೌಂಡ್ ತೂಗಿದ. ಐದನೇ ಸುತ್ತಿಗೇ ಬಾಯಿ ತೆರೆದು ಉಸಿರಾಡುತ್ತಿದ್ದ. ಹಗ್ಗದ ಕಡೆ ಹಿಂದೆ ಸರಿದು, ಕೈ ಇಳಿಸಿ ನಗುತ್ತಾ ನಿಂತ, ಒಂದೇ ಬಲಗೈ ಸಾಕಾಯ್ತು. ನವೆಂಬರ್‌ನ ಮರುಪಂದ್ಯಕ್ಕೆ ಏಳು ಪೌಂಡ್ ಇಳಿಸಿಕೊಂಡು ಬಂದ. ನಾಲ್ಕನೇ ಸುತ್ತಿನಲ್ಲಿ ಎಡಗೈ ಹುಕ್ (ಪಕ್ಕದಿಂದ ಬೀಸುವ ಏಟು) ತೋರಿಸಿ ಬಲಗೈ ಕೊಟ್ಟದ್ದು ನೋಡಿ, ರೆಹಮಾನ್ ಮಲಗಿದಲ್ಲಿಂದ ಏಳೋಕೆ ಆಗಲಿಲ್ಲ.

ಒಂದು ಮಾತು ನಿಮ್ಮ ಪರವಾಗಿಯೂ ಇರಲಿ. 1997ರಲ್ಲಿ ಮೆಕಾಲ್ ಮೇಲೆ ತೀರಿಸಿಕೊಂಡ ಸೇಡು ಲೆಕ್ಕಕ್ಕಷ್ಟೇ. ಆ ಮನುಷ್ಯ ರಿಂಗಿನಲ್ಲೇ ಕುಸಿದು ಅಳತೊಡಗಿದ, ಕೈಯೆತ್ತಲೇ ಇಲ್ಲ. ಅದರಿಂದ ಯಾರ ಬಗ್ಗೆಯೂ ಏನೂ ಗೊತ್ತಾಗಲ್ಲ. ತೂಕವಿರೋದು ರೆಹಮಾನ್ ಮರುಪಂದ್ಯಕ್ಕೆ.

ಮೂಲೆಯ ಸ್ಟೂಲು

ವಯಸ್ಸಿನ ವಾದ ಸ್ವಲ್ಪ ಜೋಪಾನವಾಗಿ ಹೂಡಬೇಕು ಮಾರಾಯ್ರೆ. ಲೆನಾಕ್ಸ್ ಹುಟ್ಟಿದ್ದು 1965ರ ಸೆಪ್ಟೆಂಬರ್, ಟೈಸನ್ 1966ರ ಜೂನ್. ಅಂದರೆ 2002ರಲ್ಲಿ ಮೆಂಫಿಸ್‌ನಲ್ಲಿ ಹೊಡೆತ ತಿಂದವನೇ ಸುಮಾರು ಹತ್ತು ತಿಂಗಳು ಚಿಕ್ಕವನು! ಸವೆದಿದ್ದ ಅನ್ನೋದು ನಿಜ, ಹಾಗಾಗಿ ಆ ಗೆಲುವಿಗೆ ನಾನೂ ಅರ್ಧ ಅಂಕವೇ ಕೊಡೋದು. ಆದರೆ ‘ಮುದುಕನನ್ನು ಹೊಡೆದ’ ಅನ್ನೋ ಮಾತು ನಿಲ್ಲಲ್ಲ. ಲೆನಾಕ್ಸ್‌ನ 84 ಇಂಚಿನ ತೋಳಳತೆ ಎದುರು ಟೈಸನ್‌ನದು 71 ಇಂಚು. ಮೊದಲ ಸುತ್ತಿನ ನಂತರ ಟೈಸನ್ ಒಳಗೆ ಬರುವ ದಾರಿಯನ್ನೇ ಜ್ಯಾಬ್ ಮುಚ್ಚಿಬಿಟ್ಟಿತು, ಎಂಟರಲ್ಲಿ ಮುಗಿಯಿತು.

ಹೋಲಿಫೀಲ್ಡ್ ವಿಷಯ ಬೇರೆ. 1999ರ ಮಾರ್ಚ್, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ದಾಖಲೆ ಪುಸ್ತಕದಲ್ಲಿ ಅದು ಡ್ರಾ. ನಿಮ್ಮ ಪಟ್ಟಿಯಲ್ಲಿ ಹಾಗೇ ಬಿಟ್ಟಿದ್ದರೆ ಇಡೀ ಲೆಕ್ಕ ಹಾಳು. ಆ ಪಂದ್ಯವನ್ನು ಹೀಗೆ ನೋಡಿ: ಟೀವಿ ಸದ್ದು ಪೂರ್ತಿ ತೆಗೆಯಿರಿ, ಯಾಕಂದರೆ ವ್ಯಾಖ್ಯಾನಕಾರ ನಿಮ್ಮ ಕಿವಿಯಲ್ಲಿ ಅಂಕ ಹಾಕ್ತಿರ್ತಾನೆ. ಸುತ್ತು ಮುಗಿದ ಒಂದು ನಿಮಿಷದ ಬಿಡುವಿನಲ್ಲೇ 10-9 (ಸುತ್ತು ಗೆದ್ದವನಿಗೆ 10, ಸೋತವನಿಗೆ 9) ಯಾರಿಗೆ ಅಂತ ಪೆನ್ನಿನಲ್ಲಿ ಬರೆಯಿರಿ, ಆಮೇಲೆ ತಿದ್ದಬೇಡಿ. ನೋಡಬೇಕಾದ್ದು ಮೊದಲು ನೇರ ತಗುಲಿದ ಏಟು. ಮುಂದೆ ನಡೆಯುವುದು, ಜನರ ಕೂಗು, ಗ್ಲೌಸಿಗೆ ಬಿದ್ದ ಏಟು ಇವಕ್ಕೆ ಅಂಕವಿಲ್ಲ. ಹೀಗೆ ಮಾಡಿದರೆ ಹೋಲಿಫೀಲ್ಡ್‌ಗೆ ಮೂರನೇ ಸುತ್ತು ಖಚಿತವಾಗಿ ಸಿಗತ್ತೆ, ಹುಡುಕಿದರೆ ಇನ್ನೊಂದೆರಡು ಮೂರು. ಹನ್ನೆರಡರಲ್ಲಿ ಗೆಲ್ಲೋಕೆ ಬೇಕಾದ ಏಳು ಸುತ್ತು ಹುಟ್ಟಲ್ಲ.

ಏಟುಗಳನ್ನು ಎಣಿಸುವ ಕಂಪ್ಯುಬಾಕ್ಸ್ ಲೆಕ್ಕದಲ್ಲಿ ಲೆನಾಕ್ಸ್ ಬೀಸಿದ 613ಕ್ಕೆ 348 ತಗುಲಿಸಿದ್ದ, ಹೋಲಿಫೀಲ್ಡ್ 385ಕ್ಕೆ 130. ಐದನೇ ಸುತ್ತಿನಲ್ಲಿ ತಗುಲಿಸಿದ್ದು ಲೆನಾಕ್ಸ್ 43, ಹೋಲಿಫೀಲ್ಡ್ 11. ಆ ಸುತ್ತನ್ನೂ ಒಬ್ಬ ತೀರ್ಪುಗಾರ್ತಿ ಹೋಲಿಫೀಲ್ಡ್‌ಗೆ ಕೊಟ್ಟರು! ಮೂರು ಅಂಕಪಟ್ಟಿ ಹೀಗಿತ್ತು: ಒಂದು 116-113 ಲೆನಾಕ್ಸ್, ಒಂದು 115-113 ಹೋಲಿಫೀಲ್ಡ್, ಒಂದು 115-115.

ತಮಾಷೆ ಏನಂದ್ರೆ, ನವೆಂಬರ್‌ನ ಮರುಪಂದ್ಯ ಇದಕ್ಕಿಂತ ಬಿಗಿಯಾಗಿತ್ತು, ಅದನ್ನು ಮೂವರೂ ಲೆನಾಕ್ಸ್‌ಗೆ ಕೊಟ್ಟರು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಅನ್ನೋ ಮೂರು ಬಾಕ್ಸಿಂಗ್ ಸಂಸ್ಥೆಗಳ ಚಾಂಪಿಯನ್ ಬೆಲ್ಟ್ ಒಂದೇ ಸೊಂಟಕ್ಕೆ ಬಂದದ್ದು ಅವತ್ತೇ.

ಎಡಗೈ ಜ್ಯಾಬ್

ಸರಿ, ಡ್ರಾ ಅನ್ನು ಗೆಲುವಾಗಿ ಓದ್ತೀನಿ. ಆದರೆ ಕ್ಲಿಚ್ಕೊ? ಆರು ಸುತ್ತಿಗೆ ಮೂವರು ತೀರ್ಪುಗಾರರದ್ದೂ 58-56, ಮೂರೂ ವಿಟಾಲಿ ಕಡೆ.

ಹನ್ನೆರಡನೇ ಸುತ್ತು

ಗಾಯ ಹೇಗಾಯ್ತು ಅನ್ನೋದರ ಮೇಲೆ ನಿಂತಿದೆ ಅದು. ತಲೆಗೆ ತಲೆ ಆಕಸ್ಮಿಕವಾಗಿ ತಾಗಿ ಹರಿದಿದ್ದರೆ, ನಾಲ್ಕು ಸುತ್ತು ದಾಟಿದ್ದರಿಂದ ಅಂಕಪಟ್ಟಿ ತೆರೆಯಬೇಕಿತ್ತು, ವಿಟಾಲಿ ಗೆಲ್ಲುತ್ತಿದ್ದ. ಆದರೆ ಮೂರನೇ ಸುತ್ತಿನಲ್ಲಿ ಎಡಗಣ್ಣಿನ ಮೇಲೆ ಹರಿದದ್ದು ಲೆನಾಕ್ಸ್‌ನ ಬಲಗೈಯಿಂದ, ನಿಯಮಬದ್ಧ ಏಟಿನಿಂದ. ಅಂಥ ಗಾಯದಿಂದ ಪಂದ್ಯ ನಿಂತರೆ ಅದು ಟೆಕ್ನಿಕಲ್ ನಾಕೌಟ್, ಅಂದರೆ ಅಂಕ ಏನೇ ಇದ್ದರೂ ಹೊಡೆದವನ ಗೆಲುವು. ಆರನೇ ಸುತ್ತು ಮುಗಿದ ಮೇಲೆ ವಿಟಾಲಿ ತಲೆಯೆತ್ತಿ ಡಾಕ್ಟರನ್ನು ನೋಡಿದಾಗ ರೆಪ್ಪೆ ಜೋತು ಕಣ್ಣಿಗೆ ಅಡ್ಡ ಬರುತ್ತಿತ್ತು. ಅದನ್ನು ಅದೃಷ್ಟ ಅಂತ ಬರೆಯೋಕೆ ಬರಲ್ಲ.

ಹಾಗಂತ ಅದು ದೊಡ್ಡ ಗೆಲುವೂ ಅಲ್ಲ. 37 ವರ್ಷ, ಒಂದು ವರ್ಷ ರಿಂಗಿಗೆ ಇಳಿದಿರಲಿಲ್ಲ, 256½ ಪೌಂಡ್, ಎದುರಾಳಿ ಬದಲಾದದ್ದು ಎರಡು ವಾರ ಮುಂಚೆ. ಮರುಪಂದ್ಯ ಕೊಡದೆ 2004ರ ಫೆಬ್ರವರಿಯಲ್ಲಿ ನಿವೃತ್ತನಾದ. ಅದಕ್ಕೆ ನಾನು ಒಂದು ಸ್ಥಾನ ಕಳೆಯುತ್ತೀನಿ.

ಬಾಡಿ ಶಾಟ್

ಎಲ್ಲರೂ ಮರೆತ ಖಾಲಿ ಜಾಗ ಒಂದಿದೆ: ರಿಡಿಕ್ ಬೋ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೆನಾಕ್ಸ್ ಅವನನ್ನು ಎರಡನೇ ಸುತ್ತಿನಲ್ಲೇ ನಿಲ್ಲಿಸಿದ್ದ. ವೃತ್ತಿಪರರಾದ ಮೇಲೆ ಆ ಪಂದ್ಯ ಆಗಲೇ ಇಲ್ಲ. 1992ರ ಕೊನೆಗೆ ಬೋ ಲೆನಾಕ್ಸ್ ಜೊತೆ ಆಡೋ ಬದಲು ಡಬ್ಲ್ಯುಬಿಸಿ ಬೆಲ್ಟನ್ನು ಕಸದ ಡಬ್ಬಿಗೆ ಹಾಕಿ ಕೈತೊಳೆದುಕೊಂಡ. ಆಗದ ಪಂದ್ಯಕ್ಕೆ ಲೆನಾಕ್ಸ್‌ಗೆ ಅಂಕ ಕೊಡಬೇಡಿ, ಆದರೆ ಬೋನಿಂದ ತಪ್ಪಿಸಿಕೊಂಡ ಅಂತ ಕಳೆಯಲೂಬೇಡಿ.

ಇನ್ನು ನೀವು ಹೋಮ್ಸ್‌ನನ್ನು ಕಣ್ಣುಮುಚ್ಚಿ ಮೂರಕ್ಕೆ ಹಾಕಿದ್ದೀರಿ. ಸತತ 48 ಗೆಲುವು, 20 ಬಾರಿ ಪಟ್ಟ ಉಳಿಸಿಕೊಂಡ, 1978ರಲ್ಲಿ ನಾರ್ಟನ್ ಎದುರು ಆ ಹದಿನೈದನೇ ಸುತ್ತು, ಎಲ್ಲ ಒಪ್ಪಿದೆ. ಆದರೆ ಮೈಕೆಲ್ ಸ್ಪಿಂಕ್ಸ್ ಎದುರು ಎರಡು ಬಾರಿಯೂ ಸೋತ (ಎರಡನೆಯದು ವಿವಾದದ ತೀರ್ಪು, ಇರಲಿ). ಲೆನಾಕ್ಸ್‌ಗೆ ಹಾಕಿದ ಅಳತೆಗೋಲು ಹೋಮ್ಸ್‌ಗೂ ಹಾಕಿ. ನನ್ನ ಪಟ್ಟಿಯಲ್ಲಿ ಇಬ್ಬರಿಗೂ ನಡುವೆ ಇನ್ಯಾರೂ ಇಲ್ಲ: 3 ಹೋಮ್ಸ್, 4 ಲೆನಾಕ್ಸ್. ಫೋರ್ಮನ್, ಮಾರ್ಸಿಯಾನೊ ಆಮೇಲೆ.

ಮೂಲೆಯ ಸ್ಟೂಲು

4 ಜಾಸ್ತಿ ಆಯ್ತು. 1996ರಲ್ಲಿ ರೇ ಮರ್ಸರ್ ಎದುರಿನ ಪಂದ್ಯ ಯಾರೂ ಎತ್ತಲಿಲ್ಲ ನೋಡಿ. ಹತ್ತು ಸುತ್ತು, ಒಬ್ಬ ತೀರ್ಪುಗಾರ ಸಮ ಅಂದಿದ್ದ. ಮರ್ಸರ್ ಜ್ಯಾಬ್‌ಗೆ ಜ್ಯಾಬ್ ಕೊಟ್ಟು ಲೆನಾಕ್ಸ್‌ನ ದೂರವನ್ನೇ ಕಿತ್ತುಕೊಂಡ. ನನ್ನ ಲೆಕ್ಕದಲ್ಲಿ 6.

ಎಡಗೈ ಜ್ಯಾಬ್

9 ಹೊಡೆದುಹಾಕಿ ಸದ್ಯಕ್ಕೆ 5 ಬರೆದಿದ್ದೀನಿ, ಪೆನ್ಸಿಲ್‌ನಲ್ಲಿ. ಮರ್ಸರ್ ಪಂದ್ಯ ಸದ್ದಿಲ್ಲದೆ ನೋಡಿ, ಸುತ್ತು ಸುತ್ತಿನ ಅಂಕ ಇಲ್ಲೇ ಹಾಕ್ತೀನಿ.