ಸದಸ್ಯರ ಫಾರ್ಮ್‌ನಲ್ಲಿ ಕನ್ನಡ ಹೆಸರು ಕೆಟ್ಟು ಕಾಣುತ್ತಿದೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಉಡುಪಿಯಿಂದ:
ನಮ್ಮದು ಹಳ್ಳಿಯ ಹಾಲಿನ ಸಂಘ. ಸದಸ್ಯರ ವಿವರವೆಲ್ಲ ಆ್ಯಕ್ಸೆಸ್ ಡೇಟಾಬೇಸ್‌ನಲ್ಲಿದೆ. ಕಳೆದ ವಾರ ಫೈಲನ್ನು ಹೊಸ ಕಂಪ್ಯೂಟರ್‌ಗೆ ಹಾಕಿದೆವು. ಈಗ ಫಾರ್ಮ್ ತೆರೆದರೆ ಹಳೆಯ ಸದಸ್ಯರ ಹೆಸರು ಇಂಗ್ಲಿಷ್ ಅಕ್ಷರಗಳ ಗೋಜಲು. ಕೆಲವರದು ಬರೀ ಪ್ರಶ್ನಾರ್ಥಕ ಚಿಹ್ನೆ. ಈಚೆಗೆ ಸೇರಿದವರ ಹೆಸರು ಕನ್ನಡದಲ್ಲೇ ಇದೆ, ಆದರೆ ಒತ್ತಕ್ಷರ ಅರ್ಧ ಕತ್ತರಿಸಿಹೋಗಿದೆ. ಫಾಂಟನ್ನು ಮೂರು ಸಲ ಹಾಕಿ ನೋಡಿದೆ. ಬಟವಾಡೆ ಪಟ್ಟಿ ಮುದ್ರಿಸಬೇಕು, ದಯವಿಟ್ಟು ದಾರಿ ಹೇಳಿ.

ಉತ್ತರ, ಮಂಗಳೂರಿನಿಂದ:
ಮಾರಾಯರೇ, ಮೊದಲು ಆ ಫಾರ್ಮ್‌ನಲ್ಲಿ ಏನನ್ನೂ ತಿದ್ದಿ ಉಳಿಸಬೇಡಿ. ಹಳೆಯ ಕಂಪ್ಯೂಟರನ್ನು ಯಾರಿಗೂ ಕೊಡಬೇಡಿ. ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ವಿಷುವಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿಸಿದ ಫಾರ್ಮ್ ಇತ್ತು. ಅದರ ಸಾಮಾನ್ಯ ಪಠ್ಯಪೆಟ್ಟಿಗೆಗೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಪದ್ಧತಿ) ಗೊತ್ತಿಲ್ಲ. ಡೇಟಾಬೇಸ್‌ನಲ್ಲಿ ಸರಿಯಾಗಿದ್ದ ಹೆಸರನ್ನು ಅದು ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರಿಸುತ್ತಿತ್ತು. ನಾವು ಮೊಬೈಲ್ ಸಂಖ್ಯೆ ತಿದ್ದಿ ಉಳಿಸುತ್ತ ಹೋದೆವು. ಫಾರ್ಮ್ ಸಂಖ್ಯೆಯ ಜೊತೆಗೆ ಆ ಚಿಹ್ನೆಗಳನ್ನೂ ಹೆಸರಿನ ಜಾಗಕ್ಕೆ ಮರಳಿ ಬರೆಯಿತು. ಹೆಸರುಗಳನ್ನು ಕಾಗದದ ಲೆಡ್ಜರ್ ನೋಡಿ ಒಂದೊಂದಾಗಿ ಟೈಪ್ ಮಾಡಬೇಕಾಯಿತು. ಹೆಸರೆಂದರೆ ಮನುಷ್ಯರ ಗುರುತು, ಅದನ್ನು ಕಳೆದ ಸಂಕಟ ನನಗೆ ಇನ್ನೂ ಇದೆ.

ಈಗ ಪರೀಕ್ಷೆ. ಫಾರ್ಮನ್ನು ಬಿಟ್ಟು ನೇರವಾಗಿ ಟೇಬಲ್ (ಮಾಹಿತಿ ಕೂತಿರುವ ಮೂಲ ಪಟ್ಟಿ) ತೆರೆಯಿರಿ. ಒಂದು ಹೆಸರನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಕನ್ನಡ ಬಂದರೆ ಮಾಹಿತಿ ಸರಿಯಾಗಿದೆ, ತಪ್ಪು ಫಾರ್ಮ್‌ನದು. ಟೇಬಲ್‌ನಲ್ಲೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮೂಲ ಅಕ್ಷರ ಹೋಗಿದೆ, ಯಾವ ಫಾಂಟ್ ಹಾಕಿದರೂ ಮರಳದು. ಗೋಜಲು ಬಂದರೆ ಗಾಬರಿ ಬೇಡ. ಅದು ಹೆಚ್ಚಾಗಿ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ‘ಕನ್ನಡ’ ಎಂಬ ಪದವೇ ಇಂಗ್ಲಿಷ್ ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ‘ಎ’, ನಡುವೆ ಪೌಂಡ್ ಚಿಹ್ನೆ ಎಂದು ಕಾಣುತ್ತದೆ. ಫಾರ್ಮ್‌ನ ಆ ಪೆಟ್ಟಿಗೆಗೆ ಅದೇ ಹಳೆಯ ಫಾಂಟ್ ಕೊಟ್ಟರೆ ಹೆಸರು ಓದಲು ಸಿಗುತ್ತದೆ. ಈ ತಿಂಗಳ ಪಟ್ಟಿಗೆ ಅಷ್ಟು ಸಾಕು.

ಉತ್ತರ, ಮಣಿಪಾಲದಿಂದ:
ಅದು ತಾತ್ಕಾಲಿಕ. ಒಂದೇ ಅಂಕಣದಲ್ಲಿ ಎರಡು ಬಗೆಯ ಕನ್ನಡ ಇರುವವರೆಗೆ ಹುಡುಕಾಟವೂ ಅಕಾರಾದಿಯೂ ಕೆಟ್ಟೇ ಇರುತ್ತವೆ. ಎಲ್ಲವನ್ನೂ ಯೂನಿಕೋಡ್‌ಗೆ ತನ್ನಿ, ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಪರಿವರ್ತಿಸಿದ ಮೇಲೆ ಕಾರ್ಕಳ, ಬಾರ್ಕೂರು ಎಂಬ ಊರುಗಳನ್ನು ಹುಡುಕಿ ನೋಡಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಪರಿವರ್ತಕ ಎಡವುವುದು ಅಲ್ಲಿಯೇ. ಇಂಗ್ಲಿಷ್‌ನಲ್ಲೇ ಬರೆದ ಖಾತೆ ಸಂಕೇತಗಳಿದ್ದರೆ ಅವನ್ನು ಬೇರ್ಪಡಿಸಿ, ಇಲ್ಲವಾದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ.

ಇನ್ನೊಂದು ಬಗೆಯ ಗೋಜಲೂ ಇದೆ. ಗೀಟು ಹೊತ್ತ ಸಣ್ಣ ‘ಎ’, ಅದರ ಪಕ್ಕ ಮೇಲೇರಿದ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬಂದರೆ ಅದು ಯೂನಿಕೋಡೇ. ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಒಂದು ವಿಧಾನ ಯುಟಿಎಫ್-8; ಆ ಪಠ್ಯವನ್ನು ಬೇರೆ ಸಂಕೇತದಲ್ಲಿ ಓದಿದ್ದರಿಂದ ಹಾಗಾಗಿದೆ. ಅದಕ್ಕೆ ನುಡಿ ಪರಿವರ್ತಕ ಬಳಸಬೇಡಿ. ಯುಟಿಎಫ್-8 ಎಂದು ಆರಿಸಿ ಮತ್ತೆ ಆಮದು ಮಾಡಿ.

ಉತ್ತರ, ಕುಂದಾಪುರದಿಂದ:
ಒತ್ತಕ್ಷರ ಕತ್ತರಿಸುವುದು ನಮ್ಮಲ್ಲೂ ಇತ್ತು. ಪೆಟ್ಟಿಗೆಯನ್ನು ಇಂಗ್ಲಿಷ್ ಅಳತೆಗೆ ಎಳೆದಿರುತ್ತಾರೆ, ಕನ್ನಡಕ್ಕೆ ಕೆಳಗೂ ಜಾಗ ಬೇಕು. ನಮ್ಮ ಫಾರ್ಮ್‌ನಲ್ಲಿ ‘ಶೆಟ್ಟಿ’ ಎಂಬುದು ‘ಶೆಟಿ’ ಎಂದು ಕಾಣುತ್ತಿತ್ತು, ಸದಸ್ಯರೊಬ್ಬರು ಬೇಸರಿಸಿಕೊಂಡಿದ್ದರು. ಪೆಟ್ಟಿಗೆಯ ಎತ್ತರವನ್ನು ಒಂದೂವರೆ ಪಟ್ಟು ಮಾಡಿ, ಫಾಂಟ್ ನಿರ್ಮಲಾ ಯುಐ ಇಡಿ. ವಿಂಡೋಸ್ 8ರಿಂದ ಅದು ವ್ಯವಸ್ಥೆಯ ಜೊತೆಗೇ ಬರುತ್ತದೆ. ಹಳೆಯ ವಿಂಡೋಸ್‌ನ ಕನ್ನಡ ಫಾಂಟ್ ತುಂಗಾ ವಿಂಡೋಸ್ 10ರಿಂದ ಐಚ್ಛಿಕ, ನಿಮ್ಮ ಹೊಸ ಕಂಪ್ಯೂಟರ್‌ನಲ್ಲಿ ಇಲ್ಲದಿರಬಹುದು.

ಪ್ರಶ್ನೆ ಕೇಳಿದವರು:
ಟೇಬಲ್ ತೆರೆದು ನೋಡಿದೆ. ಗೋಜಲಿನ ಹೆಸರುಗಳೆಲ್ಲ ನುಡಿಯವು, ಫಾಂಟ್ ಕೊಟ್ಟ ಕೂಡಲೇ ಬಂದವು. ಪೆಟ್ಟಿಗೆ ಎತ್ತರಿಸಿದೆ, ಒತ್ತಕ್ಷರ ಪೂರ್ತಿ ಕಾಣುತ್ತಿದೆ. ಪ್ರಶ್ನಾರ್ಥಕ ಚಿಹ್ನೆ ಟೇಬಲ್‌ನಲ್ಲೇ ಇದೆ. ಹಿಂದೊಮ್ಮೆ ಪಟ್ಟಿಯನ್ನು ಎಕ್ಸೆಲ್‌ಗೆ ಒಯ್ದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಆಗಿ ಉಳಿಸಿ ಮರಳಿ ತಂದಿದ್ದೆವು, ಅಕ್ಷರ ಹೋದದ್ದು ಆಗಲೇ ಇರಬೇಕು. ಅಲ್ಲಿ ಯುಟಿಎಫ್-8 ಎಂಬ ಆಯ್ಕೆ ಬೇರೆಯೇ ಇದೆ ಎಂಬುದು ಈಗ ತಿಳಿಯಿತು. ಅದಕ್ಕೂ ಹಿಂದಿನ ಪ್ರತಿ ಹಳೆಯ ಕಂಪ್ಯೂಟರ್‌ನಲ್ಲಿಲ್ಲ. ಹೋದ ಹೆಸರು ಹದಿನೇಳು. ಷೇರು ರಿಜಿಸ್ಟರನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.