ಪದ ಬೇಕು (ತುರ್ತು): ಖಾಸಗಿ ಪೈಲಟ್, ಪ್ರಯಾಣಿಕರ ದುಡ್ಡು, 'ಕಾಂಪೆನ್ಸೇಶನ್ ಆರ್ ಹೈರ್'

ನಮಸ್ಕಾರ. ಅಮೆರಿಕದಲ್ಲಿ ವಿಮಾನ ಹಾರಿಸಲು ಕಲಿಯುವವರ ಕೈಪಿಡಿಯೊಂದರ ಕನ್ನಡ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮ 61.113ರ 'ಕಾಂಪೆನ್ಸೇಶನ್ ಆರ್ ಹೈರ್', 'ಪ್ರೊ ರೇಟಾ ಶೇರ್', ಜೊತೆಗೆ 'ಹೋಲ್ಡಿಂಗ್ ಔಟ್' (ಕರೆದೊಯ್ಯಲು ಸಿದ್ಧ ಎಂದು ಜನರಿಗೆ ತಿಳಿಸುವುದು), ಇವಕ್ಕೆ ಪದ ಬೇಕು. ಸದ್ಯಕ್ಕೆ ಬರೆದಿರುವುದು: "ಖಾಸಗಿ ಪೈಲಟ್ ಲಾಭಕ್ಕಾಗಿ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ, ಖರ್ಚನ್ನು ಸಮನಾಗಿ ಹಂಚಿಕೊಳ್ಳಬಹುದು." ಮೂರನೆಯದಕ್ಕೆ 'ಜಾಹೀರಾತು' ಸಾಕೇ?

ಮರು:
> ಲಾಭಕ್ಕಾಗಿ

ತಪ್ಪು. ಇದನ್ನು ಓದಿದವರು ಲಾಭ ಬರದಿದ್ದರೆ ಅಡ್ಡಿಯಿಲ್ಲ ಅಂದುಕೊಳ್ಳುತ್ತಾರೆ. ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಪೈಲಟ್ ಸೇರಿ ನಾಲ್ವರು, ವಿಮಾನದ ಬಾಡಿಗೆ 380, ನಿಲ್ದಾಣದ ಶುಲ್ಕ 20, ಒಟ್ಟು 400 ಡಾಲರ್ ಅನ್ನಿ. ಪೈಲಟ್ ಕೈಯಿಂದ ಕನಿಷ್ಠ 100 ಹೋಗಬೇಕು. ಉಳಿದ ಮೂವರಿಂದ 360 ಪಡೆದು ತಾನು 40 ಹಾಕಿದರೆ ಲಾಭ ಎಳ್ಳಷ್ಟೂ ಇಲ್ಲ, ಆದರೂ ನಿಯಮ ಮುರಿದಂತೆ. ದುಡ್ಡೇ ಕೈಗೆ ಬರಬೇಕೆಂದೂ ಇಲ್ಲ: ಬೇರೆಯವರ ಖರ್ಚಿನಲ್ಲಿ ಹಾರಿ ಲಾಗ್‌ಬುಕ್‌ಗೆ (ಹಾರಾಟದ ದಾಖಲೆ ಪುಸ್ತಕ) ಗಂಟೆ ಸೇರಿಸಿಕೊಳ್ಳುವುದನ್ನೂ ಎಫ್‌ಎಎ ಕಾಂಪೆನ್ಸೇಶನ್ ಎಂದೇ ಎಣಿಸುತ್ತದೆ. 'ಪ್ರತಿಫಲ' ಹಾಕಿ, ಕ್ರಯಪತ್ರ ಓದಿದವರಿಗೆಲ್ಲ ಗೊತ್ತಿರುವ ಪದ.

'ಸಮನಾಗಿ' ಕೂಡ ಬೇಡ. ನಿಯಮ ಕಟ್ಟಿಹಾಕುವುದು ಪೈಲಟ್‌ನ ಪಾಲನ್ನು ಮಾತ್ರ. ಆತ ಪೂರ್ತಿ ಕೊಟ್ಟು ಉಳಿದವರನ್ನು ಪುಕ್ಕಟೆ ಕರೆದೊಯ್ದರೆ ಯಾರೂ ಕೇಳುವುದಿಲ್ಲ. 'ತಲಾ ಪಾಲಿಗಿಂತ ಕಡಿಮೆ ಕೊಡುವಂತಿಲ್ಲ' ಅನ್ನಿ.

ಬರೀ 'ಖರ್ಚು' ಅಂದರೂ ಸಾಲದು. ಇಂಧನ, ಆಯಿಲ್, ನಿಲ್ದಾಣದ ವೆಚ್ಚ, ವಿಮಾನದ ಬಾಡಿಗೆ ಇಷ್ಟೇ ಲೆಕ್ಕಕ್ಕೆ. ಸ್ವಂತ ವಿಮಾನವಾದರೆ ವಿಮೆ, ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಬಾಡಿಗೆ, ವಾರ್ಷಿಕ ತಪಾಸಣೆ, ಎಂಜಿನ್ ಓವರ್‌ಹಾಲ್‌ಗೆಂದು ಎತ್ತಿಡುವ ಹಣ ಯಾವುದನ್ನೂ ಹಂಚುವಂತಿಲ್ಲ. ಇಂಧನ ಸೇರಿದ ಬಾಡಿಗೆ ಕೊಟ್ಟವರು ಇಂಧನವನ್ನು ಮತ್ತೊಮ್ಮೆ ಕೂಡಿಸುವ ತಪ್ಪು ಮಾಡುವುದೂ ಉಂಟು. ಅಡಿಟಿಪ್ಪಣಿಯಲ್ಲಿ ಹೇಳಿಬಿಡಿ.

ಮರು:
'ಪ್ರತಿಫಲ' ಯಾಕೆ? 'ಬಾಡಿಗೆ', 'ಪಾಲು', 'ಕೂಲಿ' ಮೂರೂ ಅಚ್ಚಗನ್ನಡ, ಎಲ್ಲರ ಬಾಯಲ್ಲೂ ಇವೆ. "ಕೂಲಿಗಾಗಲಿ ಬಾಡಿಗೆಗಾಗಲಿ ಮಂದಿಯನ್ನು ಒಯ್ಯುವಂತಿಲ್ಲ" ಅಂದರೆ ಮುಗಿಯಿತು. 'ಹೋಲ್ಡಿಂಗ್ ಔಟ್'ಗೆ 'ಸಾರುವಿಕೆ', 'ವಿಮಾನ'ಕ್ಕೆ 'ಬಾನೋಡ'.

ಮರು:
'ಬಾಡಿಗೆ' ಅಚ್ಚಗನ್ನಡವಲ್ಲ, 'ಭಾಟಕ'ದ ತದ್ಭವ. ತಮಿಳಿನ 'ವಾಡಗೈ', ಮರಾಠಿಯ 'ಭಾಡೇ' ಅದೇ ಬೇರಿನವು. 'ಕೂಲಿ' ಮೈಮುರಿದು ದುಡಿದದ್ದಕ್ಕೆ. ಲಾಗ್‌ಬುಕ್‌ನ ಗಂಟೆಯನ್ನು ಯಾರೂ ಕೂಲಿ ಅನ್ನುವುದಿಲ್ಲ. 'ಬಾನೋಡ' ಚರ್ಚೆಗೇ ಬೇಡ.

'ಸಾರುವಿಕೆ' ಮಾತ್ರ ಸರಿಯಾಗಿದೆ, 'ಜಾಹೀರಾತು' ಕಿರಿದಾಯಿತು. ಎಫ್‌ಎಎಯ 1986ರ ಸಲಹಾ ಸುತ್ತೋಲೆ 120-12ಎ ಪ್ರಕಾರ, ಕರೆದೊಯ್ಯಲು ಸಿದ್ಧ ಎಂದು ಸಾರಿ, ಜನರನ್ನೋ ಸರಕನ್ನೋ, ಒಂದೆಡೆಯಿಂದ ಇನ್ನೊಂದೆಡೆಗೆ, ಪ್ರತಿಫಲಕ್ಕೆ ಸಾಗಿಸಿದರೆ ಅದು ಸಾರ್ವಜನಿಕ ಸಾಗಣೆ. ಒಂದು ಸಾಲಿನ ಜಾಹೀರಾತೂ ಇಲ್ಲದೆ, 'ಕೇಳಿದವರನ್ನೆಲ್ಲ ಕರೆದೊಯ್ಯುತ್ತಾನೆ' ಎಂಬ ಹೆಸರು ಬಂದರೂ ಅದು ಸಾರುವಿಕೆಯೇ. ಪೈಲಟ್ ತನ್ನ ಹಾರಾಟವನ್ನು ಜಾಲತಾಣದಲ್ಲಿ ಹಾಕಿ ಸಹಪ್ರಯಾಣಿಕರನ್ನು ಹುಡುಕಲೆಂದಿದ್ದ ಫ್ಲೈಟ್‌ನೌ ಎಂಬ ಕಂಪನಿ ಬಿದ್ದದ್ದು ಇಲ್ಲೇ: ತಲಾ ಪಾಲು ಮಾತ್ರ ಪಡೆದರೂ ಇದು ಸಾರಿ ಕರೆದಂತೆ ಎಂಬ ಎಫ್‌ಎಎ ನಿಲುವನ್ನು ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ 2015ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು.

ಅನುವಾದಕರೇ, ಇನ್ನೊಂದು ಪದ ನೀವು ಕೇಳಿಯೇ ಇಲ್ಲ, 'ಕಾಮನ್ ಪರ್ಪಸ್'. ಆ ಊರಿಗೆ ಹೋಗಲು ಪೈಲಟ್‌ಗೂ ಸ್ವಂತ ಕೆಲಸವಿರಬೇಕು. ಹಾರುವ ಆಸೆ ಕೆಲಸವಲ್ಲ. ಗೆಳೆಯನನ್ನು ಬಿಟ್ಟು ಬರಲೆಂದೇ ಹೊರಟರೆ ತಲಾ ಪಾಲನ್ನೂ ಪಡೆಯುವಂತಿಲ್ಲ. 'ಸಮಾನ ಉದ್ದೇಶ' ಅನ್ನಬಹುದು.

ಮರು:
ತದ್ಭವವೇ ಇರಲಿ. 'ಭಾಟಕ'ವು 'ಭ'ದ ಉಸಿರು (ಮಹಾಪ್ರಾಣ) ಕಳಚಿ 'ಬಾಡಿಗೆ'ಯಾಗಿಯೇ ಒಳಗೆ ಬಂತು. ಎರವಲು ಬರಬೇಕಾದ್ದು ಹಾಗೆ. 'ಪೈಲಟ್', 'ಹ್ಯಾಂಗರ್', 'ಲಾಗ್‌ಬುಕ್'ಗಳನ್ನು ಮುಟ್ಟದೆ ಬಿಟ್ಟು ಕನ್ನಡದ 'ಕೂಲಿ'ಗೆ ಮಾತ್ರ ಪರೀಕ್ಷೆ ಇಡುವುದು ನನಗೆ ಒಪ್ಪಿಗೆಯಿಲ್ಲ.

ಮರು:
'ಪೈಲಟ್' ಲೈಸೆನ್ಸಿನ ಮೇಲೆ ಅಚ್ಚಾಗಿರುವ ಪದ, ಬದಲಿಸಿದರೆ ಕಲಿಯುವವರಿಗೇ ತೊಡಕು. ಅನುವಾದಕರೇ, ಹೀಗೆ ಹಾಕಿ: "ಖಾಸಗಿ ಪೈಲಟ್ ಪ್ರತಿಫಲಕ್ಕಾಗಲಿ ಬಾಡಿಗೆಗಾಗಲಿ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಇಂಧನ, ಆಯಿಲ್, ನಿಲ್ದಾಣದ ವೆಚ್ಚ, ವಿಮಾನದ ಬಾಡಿಗೆ ಇವನ್ನು ಮಾತ್ರ ಹಂಚಿಕೊಳ್ಳಬಹುದು. ಪೈಲಟ್ ತನ್ನ ತಲಾ ಪಾಲಿಗಿಂತ ಕಡಿಮೆ ಕೊಡುವಂತಿಲ್ಲ." ಕೈಪಿಡಿಯಲ್ಲಿ ಯುರೋಪಿನ ಅಧ್ಯಾಯವೂ ಇದ್ದರೆ ಇದನ್ನೇ ಅಲ್ಲಿಗೆ ಅಂಟಿಸಬೇಡಿ. ಅಲ್ಲಿ ನೇರ ವೆಚ್ಚವನ್ನು ಪೈಲಟ್ ಸೇರಿ ಗರಿಷ್ಠ ಆರು ಜನ ಹಂಚಿಕೊಳ್ಳಬಹುದು, ಜಾಲತಾಣದಲ್ಲಿ ಜೊತೆಗಾರರನ್ನು ಹುಡುಕುವುದಕ್ಕೂ ತಡೆಯಿಲ್ಲ.