ಸಹಾಯ ಬೇಕು: ಇಂಡಿ ಕಡೆಯ ಒಂದು ಮಗುವಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ ಐದನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ. ಅಪ್ಪ ತೀರಿಕೊಂಡಿದ್ದಾರೆ. ಅವ್ವ ಕಬ್ಬು ಕಡಿಯೋಕೆ ಸಾಂಗ್ಲಿ ಕಡೆ ಹೋಗಿದ್ದಾಳೆ, ಸೀಸನ್ ಮುಗಿಯುವ ತನಕ ಬರಲ್ಲ. ಮನೇಲಿ ಅಜ್ಜಿ ಒಬ್ಬರೇ. ಮಗು ಈಗ ಮಾತೇ ಕಡಿಮೆ ಮಾಡಿದೆ. ಉಗುರು ರಕ್ತ ಬರೋ ಹಾಗೆ ಕಚ್ಚುತ್ತಾಳೆ, ರಾತ್ರಿ ಎದ್ದು ಬಾಗಿಲ ಚಿಲಕ ಹಾಕಿದೆಯಾ ಅಂತ ಮತ್ತೆ ಮತ್ತೆ ನೋಡಿ ಬರ್ತಾಳೆ ಅಂತ ಅಜ್ಜಿ ಅಳುತ್ತಾರೆ. ದೇವರಿಗೆ ಹೇಳಿಕೆ ಕೇಳಿಸಿ ತಾಯತ ಕಟ್ಟಿಸಿದ್ದಾರೆ, ಅದಕ್ಕೆ ನಾನು ಬೇಡ ಅನ್ನಲಿಲ್ಲ, ಆದರೆ ಡಾಕ್ಟರಿಗೂ ತೋರಿಸಲೇಬೇಕು ಅಲ್ವಾ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ, ಫ್ರೀ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಆದರೆ ಈ ಮಗು ಫೋನಲ್ಲಿ ಬಾಯಿ ಬಿಡಲ್ಲ, ಎದುರು ಕೂತು ಮಾತಾಡಿಸುವವರು ಬೇಕು. ವಿಜಯಪುರದಲ್ಲಿ ಮಕ್ಕಳನ್ನ ಚೆನ್ನಾಗಿ ನೋಡೋ ಕೌನ್ಸೆಲರ್ ಯಾರಿದ್ದಾರೆ? ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮಕ್ಕಳನ್ನ ಕರ್ಕೊಂಡು ಹೋದವರಿದ್ದರೆ ಯಾವ ದಿನ ಹೋಗಬೇಕು, ಏನೇನು ಕಾಗದ ಒಯ್ಯಬೇಕು ಹೇಳಿ. ಅಜ್ಜಿಗೆ ಮೊಣಕಾಲು ನೋವು, ಸುಮ್ನೆ ಅಲೆದಾಡಿಸೋಕೆ ಆಗಲ್ಲ.

ಇನ್ನೊಂದು, ಮಕ್ಕಳ ರಕ್ಷಣೆಗಿರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಸಹಾಯಧನ ಇದೆ, ಹಳ್ಳಿಯವರಾದರೆ ಮನೆಯ ವರ್ಷದ ಆದಾಯ 72,000 ದಾಟಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅವ್ವ ಊರಲ್ಲಿಲ್ಲದಾಗ ಅಜ್ಜಿ ಅರ್ಜಿ ಹಾಕಬಹುದಾ? ಹಾಕಿಸಿದವರಿದ್ದರೆ ತಿಳಿಸಿ ಅಕ್ಕ, ಅಣ್ಣ. ಮಗುವಿನ ಹೆಸರು, ಫೋಟೋ ಕೇಳಬೇಡಿ, ಹಾಕಲ್ಲ. ಗೊತ್ತಿದ್ದವರು ನನಗೆ ಮೆಸೇಜ್ ಮಾಡಿ, ನಾನೇ ಕರ್ಕೊಂಡು ಹೋಗ್ತೀನಿ.